ಸೂಜಿಯ ತುದಿಗೆ ಬಂದಷ್ಟು

ಮೇದೋಜೀರಕ ಗ್ರಂಥಿ ಎಲ್ಲಿದೆ ಎಂದು ಕೇಳಿದರೆ ಓದಿದವರೂ ಹೊಟ್ಟೆಯ ಮೇಲೆ ಎಲ್ಲೋ ಒಂದು ಕಡೆ ಕೈಯಿಟ್ಟು ಸುಮ್ಮನಾಗುತ್ತಾರೆ. ಡಾಕ್ಟರುಗಳು ಪ್ಯಾಂಕ್ರಿಯಾಸ್ ಎನ್ನುವ ಈ ಅಂಗ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ, ದೊಡ್ಡ ರಕ್ತನಾಳಗಳಿಗೆ ಆತುಕೊಂಡು ಮಲಗಿರುತ್ತದೆ. ಹೊರಗಿನಿಂದ ಒತ್ತಿ ನೋಡಿದರೆ ಕೈಗೆ ಸಿಗುವುದಿಲ್ಲ. ಅಲ್ಲಿ ಗಡ್ಡೆ ಬೆಳೆಯತೊಡಗಿದರೆ ಬಹಳ ಕಾಲ ನೋವೂ ಇರುವುದಿಲ್ಲ. ಬೆನ್ನು ನೋವೆಂದು ಮುಲಾಮು ಹಚ್ಚಿಕೊಂಡು, ತೂಕ ಇಳಿದದ್ದಕ್ಕೆ ಸಕ್ಕರೆ ಕಾಯಿಲೆಯನ್ನು ಬೈದುಕೊಂಡು, ಕಣ್ಣು ಹಳದಿಯಾದಾಗ ಕಾಮಾಲೆಗೆ ನಾಟಿ ಔಷಧಿ ಕುಡಿದು, ಕೊನೆಗೆ ಸ್ಕ್ಯಾನಿಂಗಿಗೆ ಬರುವ ಹೊತ್ತಿಗೆ ಹೆಚ್ಚಿನವರ ವಿಷಯದಲ್ಲಿ ಕಾಲ ಮೀರಿರುತ್ತದೆ. ನನ್ನ ಉದ್ಯೋಗದ ಕೊನೆಯ ವರ್ಷಗಳೆಲ್ಲ ಈ ಒಂದು ಅಂಗದಿಂದ ಬಂದ ಜೀವಕೋಶಗಳನ್ನು ನೋಡುವುದರಲ್ಲೇ ಕಳೆದವು.

ನಾನು ಪೆಥಾಲಜಿಸ್ಟ್. ಅಂದರೆ ನಾಡಿ ಹಿಡಿಯದ, ಔಷಧಿ ಬರೆಯದ ಡಾಕ್ಟರ್. ದೇಹದಿಂದ ತೆಗೆದದ್ದನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಇಂಥದ್ದು ಎಂದು ಬರೆದುಕೊಡುವುದು ನಮ್ಮ ಕೆಲಸ. ಜೆ.ಪಿ. ನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ಇದನ್ನು ಮಾಡುತ್ತಾ ಕೂದಲು ಬೆಳ್ಳಗಾಯಿತು. ಮೊನ್ನೆ ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಬನಶಂಕರಿಯ ನನ್ನ ಮನೆಗೆ ಬಂದಿದ್ದರು. "ಮೇಡಂ, ನೀವು ಕಲ್ತಿದ್ದನ್ನ ಬರೆದಿಡಿ, ನಮಗೆ ಹೆಲ್ಪ್ ಆಗುತ್ತೆ" ಎಂದರು. ಜೀವಕೋಶವನ್ನು ಗುರುತಿಸುವುದು ಹೇಗೆಂದು ಪಠ್ಯಪುಸ್ತಕಗಳು ನನಗಿಂತ ಚೆನ್ನಾಗಿ ಹೇಳುತ್ತವೆ. ಅವುಗಳಲ್ಲಿ ಇಲ್ಲದ್ದನ್ನು ಬರೆಯುತ್ತಿದ್ದೇನೆ. ಹೆಲ್ಪ್ ಆಗುತ್ತದೆ ಎಂಬ ಭರವಸೆ ಮಾತ್ರ ನನಗಿಲ್ಲ.

ನಾನು ಸೇರಿದ ಕಾಲದಲ್ಲಿ ಪ್ಯಾಂಕ್ರಿಯಾಸಿನ ಚೂರು ನಮ್ಮ ಕೈಗೆ ಬರುತ್ತಿದ್ದುದೇ ಅಪರೂಪ. ಸ್ಕ್ಯಾನಿನಲ್ಲಿ ಗಡ್ಡೆ ಕಂಡರೆ ಸರ್ಜನ್ ಹೊಟ್ಟೆ ತೆರೆಯುತ್ತಿದ್ದರು. ತೆಗೆಯಲು ಸಾಧ್ಯವಾದರೆ ತೆಗೆಯುವುದು, ಆಗದಿದ್ದರೆ ಹಾಗೇ ಹೊಲಿದುಬಿಡುವುದು. ಹೊಲಿಸಿಕೊಂಡವರು ಆಪರೇಷನ್ ಆಯಿತೆಂದು ನಂಬಿಕೊಂಡೇ ಮನೆಗೆ ಹೋಗುತ್ತಿದ್ದರು. ಕೆಲವು ಸಲ ಹೊಟ್ಟೆಯ ಚರ್ಮದ ಮೂಲಕ ಉದ್ದನೆಯ ಸೂಜಿ ಹಾಕಿ ಒಂದಿಷ್ಟು ಎಳೆದು ಕಳಿಸುತ್ತಿದ್ದರು. ಅದರಲ್ಲಿ ರಕ್ತವೇ ಹೆಚ್ಚು.

ಆಗ ನಮ್ಮ ವಿಭಾಗಕ್ಕೆ ಪ್ರಭಾವತಿ ಮೇಡಂ ಮುಖ್ಯಸ್ಥರು. ತೆಳ್ಳಗಿನ ಹೆಂಗಸು. ಕಾಟನ್ ಸೀರೆಯ ಮೇಲೆ ಬಿಳಿ ಕೋಟು, ಕುತ್ತಿಗೆಗೆ ದಾರ ಕಟ್ಟಿ ನೇತುಹಾಕಿಕೊಂಡ ಕನ್ನಡಕ. ನಾನು ಒಂದು ಸ್ಲೈಡ್ ನೋಡುವ ಮುಂಚೆ ರೋಗಿಯ ವಯಸ್ಸೆಷ್ಟು, ಮಕ್ಕಳಿದ್ದಾರಾ ಎಂದು ವಿಚಾರಿಸಿದ್ದು ಅವರ ಕಿವಿಗೆ ಬಿತ್ತು. ಹತ್ತಿರ ಕರೆದು ಹೇಳಿದರು: "ವಯಸ್ಸು ಕೇಳು, ಅದು ಬೇಕು. ಮಕ್ಕಳ ವಿಷಯ ಯಾಕೆ ನಿಂಗೆ? ಮಕ್ಕಳಿದಾರೆ ಅಂದ ತಕ್ಷಣ ಈ ಕೋಶ ಸ್ವಲ್ಪ ಒಳ್ಳೇದಾಗಿ ಕಾಣ್ಸುತ್ತೆ. ಕಣ್ಣು ಹಾಗೇ ಕಣೆ, ನಾವು ಬಯಸಿದ್ದನ್ನ ತೋರಿಸುತ್ತೆ."

ಅದಾಗಿ ಬಹಳ ವರ್ಷಗಳ ಮೇಲೆ ಆಸ್ಪತ್ರೆಗೆ ಹೊಸ ಯಂತ್ರ ಬಂತು. ಬಾಯಿಯಿಂದ ಜಠರಕ್ಕೆ ಇಳಿಸುವ ಎಂಡೋಸ್ಕೋಪಿ ಕೊಳವೆಯ ತುದಿಗೇ ಪುಟ್ಟ ಅಲ್ಟ್ರಾಸೌಂಡ್ ಕೂರಿಸಿದ್ದರು. ಜಠರದ ಗೋಡೆಗೆ ಅದನ್ನು ಒತ್ತಿ ಹಿಡಿದರೆ ಗೋಡೆಯಾಚೆ ಇರುವ ಪ್ಯಾಂಕ್ರಿಯಾಸ್ ಪರದೆಯ ಮೇಲೆ ಕಾಣುತ್ತದೆ. ಕೊಳವೆಯ ಒಳಗಿನಿಂದಲೇ ಸೂಜಿ ತೂರಿಸಿ, ಪರದೆ ನೋಡುತ್ತಾ ಗಡ್ಡೆಗೆ ಚುಚ್ಚಬಹುದು. ಇದನ್ನು ಕಲಿತು ಬಂದವರು ಡಾ. ಹರೀಶ್, ನನಗಿಂತ ಚಿಕ್ಕವರು, ಮಾತು ಕಡಿಮೆ. ಮೊದಮೊದಲು ಅವರು ಕಳಿಸಿದ್ದಕ್ಕೆಲ್ಲ ನಾವು "ಜೀವಕೋಶ ಸಾಲದು" ಎಂದೇ ಬರೆದು ಕಳಿಸುತ್ತಿದ್ದೆವು. ಈ ಕ್ಯಾನ್ಸರಿನ ಗಡ್ಡೆ ಕಲ್ಲಿನಂತೆ ಗಟ್ಟಿ. ಅದರ ಬಹುಭಾಗ ಗಾಯದ ಕಲೆಯಂಥ ನಾರು, ಕೆಟ್ಟ ಕೋಶಗಳು ಆ ನಾರಿನ ನಡುವೆ ಅಲ್ಲಲ್ಲಿ ಅಡಗಿರುತ್ತವೆ. ಸೂಜಿ ಗಡ್ಡೆಯೊಳಗೇ ಹೋಗಿಯೂ ಬರಿಗೈಯಲ್ಲಿ ಬರಬಹುದು. ಒಂದು ದಿನ ಹರೀಶ್ ನಮ್ಮ ಲ್ಯಾಬಿಗೇ ಇಳಿದು ಬಂದು, "ಮೇಡಂ, ಯಾರಾದ್ರೂ ಒಬ್ರು ಮೈಕ್ರೋಸ್ಕೋಪ್ ತಗೊಂಡು ರೂಮಿಗೇ ಬಂದು ಕೂತ್ಕೊಳ್ಳಿ. ಸಿಕ್ತಾ ಇಲ್ವಾ ಅಂತ ಅಲ್ಲೇ ಹೇಳಿದ್ರೆ ಇನ್ನೊಂದ್ಸಲ ಚುಚ್ತೀನಿ" ಎಂದರು.

ಪ್ರಭಾವತಿ ಮೇಡಂಗೆ ಇಷ್ಟವಿರಲಿಲ್ಲ. ಆದರೂ ನನ್ನನ್ನು ಕಳಿಸಿದರು. ಕಳಿಸುವಾಗ, "ರೋಗಿ ಮುಖ ನೋಡ್ಬೇಡ, ಗೋಡೆ ಕಡೆ ತಿರುಗಿ ಕೂತ್ಕೋ" ಎಂದರು. ಹಾಗೇ ಕೂತೆ. ಎಂಡೋಸ್ಕೋಪಿ ರೂಮಿನ ಮೂಲೆಯಲ್ಲಿ ಒಂದು ಟ್ರಾಲಿ, ಅದರ ಮೇಲೆ ಮೈಕ್ರೋಸ್ಕೋಪ್, ಬಣ್ಣದ ಜಾಡಿಗಳು. ಸಿಸ್ಟರ್ ಮಂಜುಳಾ ಸೂಜಿಯಲ್ಲಿ ಬಂದದ್ದನ್ನು ಸ್ಲೈಡಿನ ಮೇಲೆ ಬಿಟ್ಟುಕೊಡುತ್ತಿದ್ದರು. ನಾನು ಹರಡಿ, ಬಣ್ಣದಲ್ಲಿ ಅದ್ದಿ, ನೋಡಿ ಹೇಳುತ್ತಿದ್ದೆ.

ಏನು ಹೇಳಬೇಕು ಎನ್ನುವುದನ್ನು ನಮಗೆ ಒಬ್ಬ ರೋಗಿ ಕಲಿಸಿದರು. ವಿಲ್ಸನ್ ಗಾರ್ಡನ್ನಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಹಿರಿಯರು. ಅರೆನಿದ್ದೆ ಬರುವ ಇಂಜೆಕ್ಷನ್ ಮಾತ್ರ ಕೊಟ್ಟಿದ್ದೆವು. ನಾನು ಸ್ಲೈಡ್ ನೋಡುತ್ತಿದ್ದಾಗ ಹರೀಶರ ಸಹಾಯಕ ಡಾಕ್ಟರ್, "ಮೇಡಂ, ಪಾಸಿಟಿವ್ವಾ?" ಎಂದು ಕೇಳಿದ. ನಾನು ಹೌದೆಂದು ತಲೆಯಾಡಿಸಿದೆ. "ಸಾರ್, ಪಾಸಿಟಿವ್" ಎಂದು ಅವನು ಗಟ್ಟಿಯಾಗಿ ಹೇಳಿದ. ರೋಗಿಗೆ ಅದು ಕೇಳಿಸಿತ್ತು. ಎಚ್ಚರವಾದ ಮೇಲೆ ಹೊರಗೆ ಕಾಯುತ್ತಿದ್ದ ಮಕ್ಕಳಿಗೆ, "ಪಾಸಿಟಿವ್ ಅಂದ್ರು ಕಣ್ರೋ, ಎಲ್ಲಾ ಪಾಸಿಟಿವ್ ಆಗಿದೆಯಂತೆ" ಎಂದು ಹೇಳಿಬಿಟ್ಟರು. ಹಿರಿಮಗ ಕ್ಯಾಂಟೀನಿನಿಂದ ಎಲ್ಲರಿಗೂ ಕಾಫಿ ತರಿಸಿದ. ಸಿಸ್ಟರ್ ಮಂಜುಳಾ ಹೋಗಿ ನೋಡಿದಾಗ ಇಡೀ ಮನೆಯವರು ನಗುತ್ತಾ ಕಾಫಿ ಕುಡಿಯುತ್ತಿದ್ದರಂತೆ. ಸಂಜೆ ಹರೀಶ್ ಆ ಮನೆಯವರನ್ನು ಕೂರಿಸಿಕೊಂಡು, ಪಾಸಿಟಿವ್ ಎಂದರೆ ಕ್ಯಾನ್ಸರ್ ಕೋಶ ಸಿಕ್ಕಿದೆ ಎಂದರ್ಥವೆಂದು ಬಿಡಿಸಿ ಹೇಳಬೇಕಾಯಿತು. ಬೇರೆ ಯಾವ ಕೆಲಸದಲ್ಲೂ ಅವರು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ನೋಡಿರಲಿಲ್ಲ.

ಅಂದಿನಿಂದ ರೂಮಿನಲ್ಲಿ ಆ ಪದ ನಿಷಿದ್ಧವಾಯಿತು. ಪರೀಕ್ಷೆಗೆ ಬೇಕಾದಷ್ಟು ಕೋಶ ಸಿಕ್ಕಿದರೆ ನಾನು "ಸಾಕು" ಎನ್ನುವುದು, ಸಿಗದಿದ್ದರೆ "ಇನ್ನೊಂದು" ಎನ್ನುವುದು, ಅಷ್ಟೇ. ಆದರೆ ಸ್ವಲ್ಪ ಕಾಲದಲ್ಲಿ ರೂಮಿನವರಿಗೆಲ್ಲ ಗೊತ್ತಾಗಿಹೋಯಿತು. ನಾನು ಬೇಗ "ಸಾಕು" ಎಂದರೆ ಅದು ಕೆಟ್ಟ ಸುದ್ದಿ. ಕೆಟ್ಟ ಕೋಶವನ್ನು ಗುರುತಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಹೊರಗೆ ಕಾಯುವವರಿಗೂ ಇದು ಹೇಗೋ ತಿಳಿಯುತ್ತಿತ್ತು. ಬಾಗಿಲು ತೆರೆದು ನಾನು ಹೊರಬಂದರೆ ಎಲ್ಲರೂ ಎದ್ದು ನಿಂತು ನನ್ನ ಮುಖ ನೋಡುತ್ತಿದ್ದರು. ಕೆಲವು ತಿಂಗಳಾದ ಮೇಲೆ ನಾನು ಆಸ್ಪತ್ರೆಯ ಕೊಳೆಬಟ್ಟೆ ಇಡುವ ಕೋಣೆಯ ಪಕ್ಕದ ಹಿಂದಿನ ಮೆಟ್ಟಿಲಿನಿಂದ ಇಳಿಯುವುದನ್ನು ರೂಢಿ ಮಾಡಿಕೊಂಡೆ.

ಯಾರಿಗೂ ಒಳ್ಳೆಯದಾಗಲೇ ಇಲ್ಲವೇ ಎಂದು ನೀವು ಕೇಳಬಹುದು. ಆಯಿತು, ಒಮ್ಮೆ. ಜಯನಗರದ ಒಬ್ಬ ನಿವೃತ್ತ ಟೀಚರ್, ಸರೋಜಮ್ಮ ಎಂದು. ಬೇರೆ ಕಡೆ ಕ್ಯಾನ್ಸರ್ ಎಂದು ಹೇಳಿಸಿಕೊಂಡು ಬಂದಿದ್ದರು. ಪ್ಯಾಂಕ್ರಿಯಾಸ್ ಇಡಿಯಾಗಿ ಊದಿಕೊಂಡಿತ್ತು. ಸೂಜಿಯಲ್ಲಿ ಎಷ್ಟು ಹುಡುಕಿದರೂ ಕೆಟ್ಟ ಕೋಶವಿಲ್ಲ. ಹರೀಶ್ ಅನುಮಾನಪಟ್ಟು ಬೇರೊಂದು ರಕ್ತ ಪರೀಕ್ಷೆ ಮಾಡಿಸಿದರು. ದೇಹ ತನ್ನ ಅಂಗದ ಮೇಲೆ ತಾನೇ ತಿರುಗಿಬಿದ್ದು ಉಂಟಾಗುವ ಒಂದು ಬಗೆಯ ಉರಿಯೂತ ಅದು. ಸ್ಟೀರಾಯ್ಡ್ ಮಾತ್ರೆಗೆ ಕರಗಿಹೋಯಿತು. ಸರೋಜಮ್ಮ ವಾರ್ಡಿಗೆಲ್ಲ ಸಿಹಿ ಹಂಚಿದರು. ಆ ಸುದ್ದಿ ವಾರ್ಡಿನ ಮಂಚದಿಂದ ಮಂಚಕ್ಕೆ ಹೋಯಿತು. ಆಮೇಲೆ ಬಂದ ಪ್ರತಿಯೊಬ್ಬರ ಮನೆಯವರೂ ಹರೀಶರನ್ನು ಕೇಳುತ್ತಿದ್ದರು: "ಆ ಟೀಚರಮ್ಮಂಗೆ ಬಂದಿತ್ತಲ್ಲ ಸಾರ್, ಅದೇ ಇರ್ಬಹುದಲ್ವಾ?" ಒಬ್ಬರು ಬದುಕಿದ್ದರಿಂದ ಎಷ್ಟು ಜನ ಎರಡು ಸಲ ಕುಸಿದರು ಎಂದು ಯೋಚಿಸಿದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಮುನಿರಾಜುವಿನ ವಿಷಯಕ್ಕೆ ಬರುತ್ತೇನೆ. ಬರೆಯಬೇಕೆಂದು ಕೂತದ್ದು ಅವನೊಬ್ಬನ ವಿಷಯ. ಉಳಿದದ್ದೆಲ್ಲ ಅಲ್ಲಿಗೆ ಹೋಗಲು ಬೇಕಾದ ದಾರಿ.

ಮುನಿರಾಜು ನಮ್ಮ ರಸ್ತೆಗೆ ನೀರು ಬಿಡುವವನು. ದಿನ ಬಿಟ್ಟು ದಿನ ಬೆಳಿಗ್ಗೆ ಟಿವಿಎಸ್ ಗಾಡಿಯಲ್ಲಿ ಬಂದು, ರಸ್ತೆ ಮೂಲೆಯಲ್ಲಿ, ನಮ್ಮ ಗೇಟಿನ ಪಕ್ಕದಲ್ಲೇ ಇದ್ದ ಕಬ್ಬಿಣದ ಮುಚ್ಚಳ ಎತ್ತಿ, ಆಳುದ್ದದ ಕಬ್ಬಿಣದ ಕೀ ಇಳಿಸಿ ವಾಲ್ವ್ ತಿರುಗಿಸುತ್ತಿದ್ದ. ನೀರು ಬಂತೆಂದು ಎಲ್ಲರ ಗೇಟಿನ ಮುಂದೆಯೂ ಕೂಗಿ ಹೇಳುವುದು ಅವನ ಡ್ಯೂಟಿಯಲ್ಲ, ಅಭ್ಯಾಸ. "ಡಾಕ್ಟ್ರಮ್ಮ, ಸಂಪ್ ತುಂಬಿಸ್ಕೊಳ್ಳಿ, ಇವತ್ತು ಫೋರ್ಸ್ ಸಖತ್ತಾಗಿದೆ" ಎನ್ನುತ್ತಿದ್ದ. ನಗುಮುಖ, ಗಟ್ಟಿ ಧ್ವನಿ. ಮನೆ ಸುಬ್ರಹ್ಮಣ್ಯಪುರದಲ್ಲಿ. ಅವರ ತಾತನ ಕಾಲಕ್ಕೆ ಅದು ಹಳ್ಳಿ. ಹೆಂಡತಿ ಗೌರಮ್ಮ ಒಂದು ಗಾರ್ಮೆಂಟ್ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಮಗಳ ಮದುವೆ ಮಾಡಿ ಕನಕಪುರದ ಕಡೆ ಕೊಟ್ಟಿದ್ದರು.

ಒಂದು ಬೆಳಿಗ್ಗೆ ಅವನು ಮುಚ್ಚಳದ ಪಕ್ಕ ಕುಕ್ಕರಗಾಲಲ್ಲಿ ಕೂತು ಮುಂಗೈ ಕೆರೆದುಕೊಳ್ಳುತ್ತಿದ್ದ. ಚರ್ಮದ ಮೇಲೆಲ್ಲ ಗೀರು. ತಲೆಯೆತ್ತಿ ನನ್ನನ್ನು ನೋಡಿದಾಗ ಕಣ್ಣಿನ ಬಿಳಿಭಾಗ ಅರಿಶಿನ ಹಾಕಿದಂತಿತ್ತು.

"ಜಾಂಡಿಸ್ ಮೇಡಂ" ಎಂದ. "ಬೆಳಿಗ್ಗೆ ಖಾಲಿ ಹೊಟ್ಟೇಲಿ ಸೊಪ್ಪಿನ್ರಸ ಕುಡೀತಾ ಇದೀನಿ. ಇಳಿಯುತ್ತೆ ಅಂದವ್ರೆ."

"ಹೊಟ್ಟೆ ನೋವಿದೆಯಾ?"

"ನೋವೇನೂ ಇಲ್ಲ. ಊಟ ಸೇರಲ್ಲ. ಪ್ಯಾಂಟ್ ನಿಲ್ತಿಲ್ಲ ನೋಡಿ."

ನೋವಿಲ್ಲದ ಕಾಮಾಲೆ, ಇಳಿದ ತೂಕ. ಆಸ್ಪತ್ರೆಗೆ ಬಂದು ಹರೀಶರನ್ನು ನೋಡಲು ಹೇಳಿದೆ. ಮಾತು ಕೇಳಿ ಬಂದ. ಸ್ಕ್ಯಾನಿನಲ್ಲಿ ಪ್ಯಾಂಕ್ರಿಯಾಸಿನ ತಲೆಭಾಗದಲ್ಲಿ ಗಡ್ಡೆ. ಅದು ಪಿತ್ತನಾಳವನ್ನು ಒತ್ತಿತ್ತು, ಪಕ್ಕದ ದೊಡ್ಡ ರಕ್ತನಾಳವನ್ನು ಮುಟ್ಟಿತ್ತು. ಮೊದಲು ಕೀಮೋ ಕೊಟ್ಟು ಕುಗ್ಗಿಸೋಣ, ಕುಗ್ಗಿದರೆ ಆಪರೇಷನ್ ಮಾಡಿ ತೆಗೆಯಬಹುದು ಎಂದರು ಸರ್ಜನ್. ಗಂಡ ಹೆಂಡತಿ ಇಬ್ಬರೂ ಆ "ತೆಗೆಯಬಹುದು" ಎಂಬ ಮಾತನ್ನು ಹಿಡಿದುಕೊಂಡರು. ಆದರೆ ಕ್ಯಾನ್ಸರ್ ಎಂದು ಖಾತ್ರಿಯಾಗದೆ ಕೀಮೋ ಕೊಡುವಂತಿಲ್ಲ. ಖಾತ್ರಿ ಮಾಡಲು ಸೂಜಿ ಹಾಕಬೇಕು.

ಆ ದಿನ ನಾನು ಎಂದಿನಂತೆ ಗೋಡೆ ಕಡೆ ತಿರುಗಿ ಕೂತಿದ್ದೆ. ಹಿಂದಿನಿಂದ ಸಿಸ್ಟರ್ ಮಂಜುಳಾ ಕೊಳವೆ ಕಚ್ಚದಂತೆ ಬಾಯಿಗೆ ಬಳೆಯಂಥ ಪ್ಲಾಸ್ಟಿಕ್ ತುಂಡು ಇಡಲು ಹೋಗುತ್ತಾ, "ಇದನ್ನ ಕಚ್ಕೊಳ್ಳಿ ಅಣ್ಣ, ಭಯ ಪಡ್ಬೇಡಿ" ಎಂದರು. "ಭಯ ಏನಿಲ್ಲ ಸಿಸ್ಟರ್, ನಮ್ ಡಾಕ್ಟ್ರಮ್ಮ ಅಲ್ಲೇ ಕೂತವ್ರಲ್ಲ" ಎಂದು ಮುನಿರಾಜುವಿನ ಧ್ವನಿ ಕೇಳಿಸಿತು. ನಾನು ತಿರುಗಲಿಲ್ಲ.

ಮೊದಲ ಸ್ಲೈಡಿನಲ್ಲಿ ಬರೀ ರಕ್ತ. "ಇನ್ನೊಂದು" ಎಂದೆ. ತಲೆಭಾಗದ ಗಡ್ಡೆಗೆ ಜಠರ ದಾಟಿ ಕರುಳಿನ ಗೋಡೆಯಿಂದ ಚುಚ್ಚಬೇಕು; ಎರಡನೆಯದರಲ್ಲಿ ದಾರಿಯಲ್ಲಿ ಅಂಟಿಕೊಂಡು ಬಂದ ಆ ಕರುಳಿನ ಒಳಪದರದ ಕೋಶಗಳು, ಜೇನುಗೂಡಿನಂತೆ ಒಪ್ಪವಾಗಿ ಜೋಡಿಸಿಟ್ಟಂಥವು. ಒಳ್ಳೆಯ ಕೋಶಗಳು ಹಾಗಿರುತ್ತವೆ. "ಇನ್ನೊಂದು." ಹರೀಶ್ ಕೋನ ಬದಲಿಸಿದರು, ಸೂಜಿ ಬದಲಿಸಿದರು. ಒಂದು ಮೂಲೆಯಲ್ಲಿ ಕೆಲವೇ ಕೋಶಗಳು, ಅಂಚು ಮುರಿದು, ಗಾತ್ರ ಏರುಪೇರಾಗಿ, ಒಂದರ ಮೇಲೊಂದು ಬಿದ್ದಿದ್ದವು. ನನ್ನ ಮನಸ್ಸಿಗೆ ಅವು ಏನೆಂದು ತೋಚಿತು. ಬರೆದುಕೊಡಲು ಅವು ಸಾಲುತ್ತಿರಲಿಲ್ಲ. ಇನ್ನು ಚುಚ್ಚಿದರೆ ರಕ್ತಸ್ರಾವವಾದೀತೆಂದು ಹರೀಶ್ ನಿಲ್ಲಿಸಿದರು. ಆ ಸಂಜೆ ನಾನು ಬರೆದದ್ದು ಇಷ್ಟು: ಕೆಲವು ಅನುಮಾನಾಸ್ಪದ ಕೋಶಗಳಿವೆ, ಖಚಿತವಾಗಿ ಹೇಳಲಾಗದು, ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವುದು ಸೂಕ್ತ.

ಆ ರಿಪೋರ್ಟನ್ನು ಗಂಡ ಹೆಂಡತಿ ಮನೆ ಹತ್ತಿರದ ಮೆಡಿಕಲ್ ಶಾಪಿನವನಿಂದ ಓದಿಸಿದರು. ಅವನು, "ಕ್ಯಾನ್ಸರ್ ಸಿಕ್ಕಿಲ್ಲ ಅಂತ ಇದೆ ಅಣ್ಣ" ಎಂದನಂತೆ. ಸುಳ್ಳಲ್ಲ. ಹರೀಶ್ ಮೊದಲೇ ಪಿತ್ತನಾಳಕ್ಕೆ ಒಂದು ಸ್ಟೆಂಟ್ ಕೊಳವೆ ಹಾಕಿದ್ದರು. ಅದರಿಂದ ಹಳದಿ ಇಳಿಯಿತು, ತುರಿಕೆ ನಿಂತಿತು, ಊಟ ಸೇರತೊಡಗಿತು. ಇನ್ನೇನು ಬೇಕು. ಮುನಿರಾಜು ಮತ್ತೆ ಗಾಡಿ ಹತ್ತಿ ಬಂದ. ನನ್ನ ಗೇಟಿಗೆ ಬಂದು ಮೈಸೂರು ಪಾಕಿನ ಪೊಟ್ಟಣ ಕೊಟ್ಟ.

"ನೀವೇ ಅಲ್ವಾ ನೋಡಿದ್ದು, ಏನೂ ಇಲ್ಲ ಅಂತ ಬರ್ದಿದೀರಂತೆ. ವಾರ್ಡಲ್ಲಿ ಆಯಮ್ಮ ಹೇಳ್ತಿದ್ರು, ಯಾರೋ ಟೀಚರಿಗೂ ಹಿಂಗೇ ಆಗಿತ್ತಂತೆ, ಬರೀ ಊತ ಅಂತೆ."

ನಾನು ಪೊಟ್ಟಣ ಹಿಡಿದು ನಿಂತಿದ್ದೆ. "ಹರೀಶ್ ಸಾರ್ ಏನಂದ್ರು?" ಎಂದೆ.

"ಇನ್ನೊಂದ್ಸಲ ಮಾಡ್ಬೇಕು ಅಂತಾರೆ. ಅದೇನು ಬಿಡಿ, ಅವ್ರು ಹಾಗೇ ಹೇಳ್ತಾರೆ. ನಾನು ಹೋಗಲ್ಲ."

ಆಸ್ಪತ್ರೆಯಲ್ಲಿ ಹರೀಶರನ್ನು ಕೇಳಿದೆ. "ಫೋನ್ ಎತ್ತಲ್ಲ ಮೇಡಂ. ನಮ್ ಕಡೆಯಿಂದ ಎರಡು ಮೂರು ಸಲ ಮಾಡ್ಸಿದೀನಿ" ಎಂದರು. ನಾವು ಪೆಥಾಲಜಿಸ್ಟರು ರೋಗಿಗೆ ನೇರವಾಗಿ ಹೇಳುವ ಪದ್ಧತಿಯಿಲ್ಲ. ಪ್ರಭಾವತಿ ಮೇಡಂ ಅಷ್ಟು ಹೊತ್ತಿಗೆ ನಿವೃತ್ತರಾಗಿ ಮಗಳ ಮನೆ ಸೇರಿದ್ದರು. ಅವರಿದ್ದಿದ್ದರೆ, ನೀನು ಬರೆದಿದ್ದೀಯ, ನಿನ್ನ ಕೆಲಸ ಮುಗಿಯಿತು ಎನ್ನುತ್ತಿದ್ದರು. ಆದರೆ ಅವರು ನೋಡಿದ ರೋಗಿಗಳಲ್ಲಿ ಒಬ್ಬರೂ ದಿನ ಬಿಟ್ಟು ದಿನ ಅವರ ಗೇಟಿಗೆ ಬಂದು ಕೂಗುತ್ತಿರಲಿಲ್ಲ.

ಅದರ ಮುಂದಿನ ಸಲ ಅವನು ನೀರು ಬಿಡಲು ಬಂದಾಗ ನಾನು ಹೊರಗೇ ಕಾಯುತ್ತಿದ್ದೆ. ಅವನು ಕೀ ಇಳಿಸಿ ತಿರುಗಿಸುತ್ತಿದ್ದ.

"ಮುನಿರಾಜು, ಒಂದು ಮಾತು ಹೇಳ್ಬೇಕು."

"ಹೇಳಿ ಮೇಡಂ."

"ಆ ರಿಪೋರ್ಟಲ್ಲಿ ಕ್ಯಾನ್ಸರ್ ಇಲ್ಲ ಅಂತ ನಾನು ಬರ್ದಿಲ್ಲ. ಖಚಿತವಾಗಿ ಸಿಗ್ಲಿಲ್ಲ ಅಂತ ಬರ್ದಿದೀನಿ. ಎರಡೂ ಬೇರೆ ಬೇರೆ."

ಅವನು ತಿರುಗಿಸುವುದನ್ನು ನಿಲ್ಲಿಸಿದ. "ಅಂದ್ರೆ ಇದೆ ಅಂತಾನಾ?"

"ಇರ್ಬಹುದು. ನನಗೆ ಅನುಮಾನ ಇದೆ. ಬೇಗ ಗೊತ್ತಾದ್ರೆ ಕೀಮೋ ಕೊಟ್ಟು, ಕುಗ್ಗಿಸಿ, ಆಪರೇಷನ್ ಮಾಡ್ಬಹುದು. ಬಿಟ್ರೆ ಆ ಅವಕಾಶ ಹೋಗ್ಬಿಡುತ್ತೆ. ಇನ್ನೊಂದ್ಸಲ ಬನ್ನಿ."

ಅವನು ಬಹಳ ಹೊತ್ತು ಆ ಗುಂಡಿಯೊಳಗೇ ನೋಡುತ್ತಿದ್ದ. ಎದುರು ಮನೆಯವರು ಹೊರಬಂದು, "ಏನ್ ಮುನಿರಾಜು, ನೀರು ಸಣ್ಣಗೆ ಬರ್ತಿದೆ" ಎಂದರು. ಅವನು ನನ್ನ ಕಡೆ ತಿರುಗಿದ. "ನನ್ ಹೆಂಡ್ತಿಗೆ ಏನ್ ಹೇಳ್ಲಿ ಮೇಡಂ? ನಿನ್ನೆ ತಾನೆ ಬುದ್ಧ ವಿಹಾರಕ್ಕೆ ಹೋಗಿ ದೀಪ ಹಚ್ಚಿ ಬಂದವ್ಳೆ" ಎಂದ. ಆಮೇಲೆ ವಾಲ್ವ್ ಪೂರ್ತಿ ತಿರುಗಿಸಿ, "ಬರ್ತೀನಿ ಬಿಡಿ. ನೀವು ಹೇಳ್ತೀರ ಅಂದ್ಮೇಲೆ ಬರ್ತೀನಿ" ಎಂದ.

ಮಾತು ತಪ್ಪಲಿಲ್ಲ, ಆ ವಾರವೇ ಬಂದ. ಆ ವೇಳೆಗೆ ಹೊಸ ಬಗೆಯ ಸೂಜಿ ಬಂದಿತ್ತು. ಬಿಡಿ ಕೋಶಗಳ ಬದಲು ದಾರದೆಳೆಯಂಥ ಚೂರನ್ನೇ ಕತ್ತರಿಸಿ ತರುತ್ತದೆ. ಈ ಸಲ ಸಿಕ್ಕೇ ಸಿಗುತ್ತದೆ ಎಂದು ಹರೀಶರಿಗೆ ಧೈರ್ಯವಿತ್ತು. ಸೂಜಿ ಹಾಕುವ ಮುಂಚೆ ಅವರು ಅಲ್ಟ್ರಾಸೌಂಡಿನಲ್ಲಿ ಸುತ್ತಮುತ್ತ ಎಲ್ಲವನ್ನೂ ಒಮ್ಮೆ ನೋಡುತ್ತಾರೆ. ಜಠರದಿಂದ ಲಿವರಿನ ಎಡಭಾಗ ಹತ್ತಿರ. ಅಲ್ಲಿ ಕೈ ನಿಲ್ಲಿಸಿದರು. ನಾನು ಅಂದು ಮೊದಲ ಬಾರಿಗೆ ಗೋಡೆ ಬಿಟ್ಟು ಪರದೆಯ ಕಡೆ ತಿರುಗಿದೆ. ಲಿವರಿನಲ್ಲಿ ಒಂದು ಸಣ್ಣ ಕಪ್ಪು ಚುಕ್ಕೆ. ಸ್ಕ್ಯಾನಿನಲ್ಲಾಗಲಿ, ಮೊದಲ ಸಲ ಸೂಜಿ ಹಾಕಿದಾಗಾಗಲಿ ಅದು ಕಂಡಿರಲಿಲ್ಲ. ಆಗ ಇರಲಿಲ್ಲವೋ, ಇದ್ದೂ ಕಾಣುವಷ್ಟು ಬೆಳೆದಿರಲಿಲ್ಲವೋ, ಯಾರೂ ಹೇಳಲಾರರು.

ಇಂಥ ಕಡೆ ನಿಯಮ ಒಂದಿದೆ, ಹೊಸಬರು ಇದನ್ನು ಮರೆಯಬಾರದು. ಮೊದಲು ದೂರದ ಜಾಗಕ್ಕೆ ಚುಚ್ಚಬೇಕು, ಮೂಲ ಗಡ್ಡೆಗೆ ಕೊನೆಗೆ. ಗಡ್ಡೆಗೆ ಚುಚ್ಚಿದ ಸೂಜಿ ತನ್ನ ಜೊತೆ ಕೋಶಗಳನ್ನು ಒಯ್ದು ದೂರದ ಜಾಗದಲ್ಲಿ ಬಿಡಬಾರದು ಎಂದು. ಇನ್ನೊಂದು ಕಾರಣವೂ ಇದೆ. ದೂರದ ಜಾಗದಲ್ಲೇ ಕ್ಯಾನ್ಸರ್ ಸಿಕ್ಕಿಬಿಟ್ಟರೆ ಅದು ಹರಡಿದೆ, ಕೊನೆಯ ಹಂತ ಎಂದಾಯಿತು. ಆಮೇಲೆ ಗಡ್ಡೆಗೆ ಚುಚ್ಚುವ ಅಗತ್ಯವೇ ಇರುವುದಿಲ್ಲ.

ಹರೀಶ್ ಲಿವರಿಗೆ ಚುಚ್ಚಿದರು. ಸಿಸ್ಟರ್ ಸ್ಲೈಡ್ ಕೊಟ್ಟರು. ಬಣ್ಣ ಹಾಕುವಾಗ, ಇದು ಬರೀ ಲಿವರಿನ ಕೋಶಗಳಾಗಿರಲಿ ಎಂದುಕೊಂಡೆ. ಪ್ರಭಾವತಿ ಮೇಡಂ ಹೇಳಿದ್ದು ನೆನಪಾಗಿ, ಕಣ್ಣಿಗೆ ಮೋಸ ಮಾಡಲು ಅವಕಾಶ ಕೊಡಬಾರದೆಂದು ಒಮ್ಮೆ ಕಣ್ಣು ಮುಚ್ಚಿ ತೆಗೆದೆ. ಮೋಸಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಮೊದಲ ಬಾರಿ ಮೂಲೆಯಲ್ಲಿ ಕೆಲವೇ ಇದ್ದ ಆ ಕೆಟ್ಟ ಕೋಶಗಳು ಈಗ ಸ್ಲೈಡಿನ ಉದ್ದಗಲಕ್ಕೂ ಇದ್ದವು.

"ಸಾಕು" ಎಂದೆ.

ಹರೀಶ್ ಏನನ್ನೂ ಕೇಳದೆ ಕೊಳವೆಯನ್ನು ಹೊರಗೆಳೆದರು. ಪ್ಯಾಂಕ್ರಿಯಾಸಿಗೆ ಆ ದಿನ ಯಾರೂ ಚುಚ್ಚಲಿಲ್ಲ. ಹೊಸ ಸೂಜಿ ತನ್ನ ಕೆಲಸವನ್ನು ಬಹಳ ಚೆನ್ನಾಗಿ ಮಾಡಿತ್ತು. ಹರಡಿದ ಮೇಲೆ ಆಪರೇಷನ್ನಿನಿಂದ ಪ್ರಯೋಜನವಿಲ್ಲವೆಂದು ಸರ್ಜನ್ ತಮ್ಮ ಪಟ್ಟಿಯಿಂದ ಮುನಿರಾಜುವಿನ ಹೆಸರು ತೆಗೆದರು.

ಗಂಡ ಹೆಂಡತಿಯನ್ನು ಕೂರಿಸಿಕೊಂಡು ಹರೀಶ್ ಎಲ್ಲವನ್ನೂ ಹೇಳಿದರು. ಹೇಳುವ ಮೊದಲು ಗೌರಮ್ಮ, "ಅವ್ರಿಗೆ ಹೇಳ್ಬೇಡಿ ಸಾರ್, ನನಗೆ ಮಾತ್ರ ಹೇಳಿ" ಎಂದು ಕೈಮುಗಿದಳಂತೆ. ಮುನಿರಾಜು, "ನನ್ ಮುಂದೇನೇ ಹೇಳ್ಲಿ ಬಿಡು" ಎಂದನಂತೆ. ಅಂದಿನಿಂದ ನಮ್ಮ ರಸ್ತೆಗೆ ಬೇರೆಯವನು ಬರತೊಡಗಿದ. ಅವನು ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ.

ಕೆಲವು ದಿನಗಳಾದ ಮೇಲೆ ಗೌರಮ್ಮ ಸ್ಲೈಡುಗಳನ್ನು ಕೇಳಿಕೊಂಡು ಲ್ಯಾಬಿಗೆ ಬಂದಳು. ಇನ್ನೊಂದು ಆಸ್ಪತ್ರೆಯಲ್ಲಿ ತೋರಿಸಬೇಕೆಂದರೆ ಸ್ಲೈಡ್ ಕೊಡುವುದು ಪದ್ಧತಿ. ಫ್ಯಾಕ್ಟರಿಯಿಂದ ನೇರವಾಗಿ ಬಂದಿದ್ದಳು, ಸೀರೆಗೆ ದಾರದ ತುಂಡುಗಳು ಅಂಟಿಕೊಂಡಿದ್ದವು. ನಾನು ಸ್ಲೈಡುಗಳನ್ನು ಡಬ್ಬಿಗೆ ಹಾಕುತ್ತಿರುವಾಗ ಬಗ್ಗಿ ನೋಡಿದಳು.

"ಇಷ್ಟೇನಾ? ಗಾಜಿನ ಮೇಲೆ ಏನೋ ಮೆತ್ತಿದಂಗೈತೆ."

"ಮೈಕ್ರೋಸ್ಕೋಪಲ್ಲಿ ಇಟ್ರೆ ಕಾಣುತ್ತಮ್ಮ."

"ನನಗೂ ತೋರಿಸ್ತೀರಾ?"

ಇಷ್ಟು ವರ್ಷಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ, ಕಣ್ಣನ್ನು ಎಲ್ಲಿಡಬೇಕೆಂದು ತೋರಿಸಿ, ಸರಿಯಾಗಿ ಕಾಣುವಂತೆ ತಿರುಗಿಸಿಕೊಟ್ಟೆ. ಅವಳು ಉಸಿರು ಹಿಡಿದು ನೋಡಿದಳು.

"ನೇರಳೆ ಹಣ್ಣು ತುಳಿದಂಗೈತೆ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, ಕಣ್ಣು ತೆಗೆಯದೆ, "ಇದ್ರಲ್ಲಿ ಕಾಯಿಲೆದು ಯಾವ್ದು, ಅವ್ರದು ಯಾವ್ದು?" ಎಂದು ಕೇಳಿದಳು.

ಪಠ್ಯಪುಸ್ತಕದ ಪ್ರಕಾರ ಬೆರಳಿಟ್ಟು ತೋರಿಸಬಹುದಿತ್ತು. ನನಗೆ ಆಗಲಿಲ್ಲ. "ಎಲ್ಲಾ ಅವರದ್ದೇ ಅಮ್ಮ" ಎಂದೆ. "ಅವರದ್ದೇ ಕೋಶ ಹೀಗಾಗಿರೋದು. ಹೊರಗಿಂದ ಬಂದಿದ್ದು ಏನೂ ಇಲ್ಲ."

ಅವಳು ಎದ್ದು, ಡಬ್ಬಿ ತೆಗೆದುಕೊಂಡು, ಟಿಫನ್ ಬ್ಯಾಗಿನೊಳಗೆ ಬಟ್ಟೆ ಸುತ್ತಿ ಇಟ್ಟುಕೊಂಡು ಹೋದಳು. ಇನ್ನೊಂದು ಆಸ್ಪತ್ರೆಯವರೂ ನಾವು ಬರೆದದ್ದನ್ನೇ ಬರೆದರು.

ಕೀಮೋ ಶುರುವಾಯಿತು, ಒಮ್ಮೆ ಕೊಟ್ಟರು. ಎರಡನೆಯದಕ್ಕೆ ಮೊದಲೇ ಸ್ಟೆಂಟ್ ಕಟ್ಟಿಕೊಂಡು, ಚಳಿಜ್ವರ ಬಂದು, ಸೋಂಕು ರಕ್ತಕ್ಕೆ ಸೇರಿತು. ಐಸಿಯುವಿನಲ್ಲಿ ಕೆಲವು ದಿನ ಇದ್ದ. ನಾನು ನೋಡಲು ಹೋದಾಗ ಅವನಿಗೆ ಎಚ್ಚರವಿರಲಿಲ್ಲ. ಮತ್ತೆ ಹಳದಿಯಾಗಿದ್ದ. ಅಲ್ಲಿಯೇ ತೀರಿಕೊಂಡ.

ಅದಾದ ಮೇಲೂ ನಾನು ನಿವೃತ್ತಿಯವರೆಗೆ ಆ ಮೂಲೆಯಲ್ಲಿ ಕೂತು "ಸಾಕು" ಎನ್ನುತ್ತಲೇ ಇದ್ದೆ. ಈಗ ಅದೂ ಇಲ್ಲ. ಚೂರು ತರುವ ಸೂಜಿ ಬಂದ ಮೇಲೆ ಪೆಥಾಲಜಿಸ್ಟ್ ರೂಮಿನಲ್ಲಿರಲೇಬೇಕು ಎಂದಿಲ್ಲ. ಬೇಕೆಂದಾಗ ಸ್ಲೈಡಿನ ಚಿತ್ರ ಕಂಪ್ಯೂಟರಿಗೆ ಹೋಗುತ್ತದೆ. ಬಿಟಿಎಂ ಲೇಔಟಿನ ತನ್ನ ಫ್ಲ್ಯಾಟಿನಲ್ಲಿ ಕೂತು ನಮ್ಮ ವಿಭಾಗದ ಹುಡುಗಿಯೊಬ್ಬಳು ನೋಡಿ ಹೇಳುತ್ತಾಳೆ. ನಮಗಿಂತ ಬೇಗ ಹೇಳುತ್ತಾಳೆ, ತಪ್ಪು ಮಾಡುವುದೂ ಕಡಿಮೆ. ಗಡ್ಡೆಯ ಜೀನ್, ಅಂದರೆ ವಂಶವಾಹಿ, ಯಾವ ಬಗೆ ಎಂದು ಕೂಡ ಅದೇ ಚೂರಿನಿಂದ ಹೇಳುತ್ತಾರೆ. ಕೆಲವರಿಗೆ ಅದಕ್ಕೆ ಹೊಂದುವ ಔಷಧಿಯಿಂದ ಕೆಲವು ತಿಂಗಳು ಹೆಚ್ಚು ಸಿಗುತ್ತವೆ. ನನ್ನ ಕಾಲದಲ್ಲಿ ಬದಲಾದದ್ದು ಇಷ್ಟು: ರೋಗಿಗಳು ಏನಾಗಿ ಸಾಯುತ್ತಿದ್ದಾರೆ ಎಂದು ನಾವು ಹೆಚ್ಚು ಹೆಚ್ಚು ನಿಖರವಾಗಿ ತಿಳಿಯುತ್ತಾ ಹೋದೆವು. ಹೊರಗಿನ ಬೆಂಚಿನ ಮೇಲೆ ಕಾಯುವವರಿಗೆ ನಾವು ಕೊಡುವ ಉತ್ತರ ಬಹುಪಾಲು ಇಂದಿಗೂ ಹಿಂದಿನದೇ.

ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ ಸುಬ್ರಹ್ಮಣ್ಯಪುರಕ್ಕೆ ಹೋದೆ. ಮೊದಲೇ ಹೋಗಬೇಕಿತ್ತು, ಕಾಲು ಬಂದಿರಲಿಲ್ಲ. ಕಿರಿದಾದ ಓಣಿ, ಶೀಟು ಹಾಕಿದ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಮುನಿರಾಜುವಿನದು. ಗೌರಮ್ಮ ಚಾಪೆ ಹಾಸಿ ಕೂರಿಸಿ ಕಾಫಿ ಮಾಡಿಕೊಟ್ಟಳು. ಮಗಳ ವಿಷಯ, ಫ್ಯಾಕ್ಟರಿಯ ವಿಷಯ ಮಾತಾಡಿದಳು. ಮಾತು ಮುಗಿದ ಮೇಲೆ ಸೆರಗಿನಿಂದ ನೆಲ ಒರೆಸುತ್ತಾ, ದನಿ ಏರಿಸದೆ ಹೇಳಿದಳು.

"ಒಂದ್ಮಾತು ಕೇಳಿ, ಬೇಜಾರ್ ಮಾಡ್ಕೋಬೇಡಿ. ಅವತ್ತು ನೀವು ಗೇಟ್ ಹತ್ರ ಆ ಮಾತು ಹೇಳ್ದೆ ಇದ್ದಿದ್ರೆ, ಅವ್ರು ಇನ್ನೆರಡು ತಿಂಗ್ಳು ನಗ್ತಾ ನಗ್ತಾ ನೀರು ಬಿಡ್ತಿದ್ರು. ಅಷ್ಟೆ. ಹೋಗೋದು ಹೇಗಿದ್ರೂ ಹೋಗೋರೆ. ನಿಮ್ಮತ್ರ ಕೇಳ್ಕೊಂಡ್ಮೇಲೆ ಅವ್ರು ನಗ್ಲೇ ಇಲ್ಲ. ಗೋಡೆ ಕಡೆ ತಿರುಗಿ ಮಲಗೋರು. ನಾನು ಮಾತಾಡ್ಸಿದ್ರೂ ತಿರುಗ್ತಿರ್ಲಿಲ್ಲ."

ಕಾಫಿ ಲೋಟ ಕೆಳಗಿಟ್ಟೆ. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಗೇಟಿನ ಮುಂದೆ ಮಾತಾಡಿದ ದಿನವೇ ಆ ಚುಕ್ಕೆ ಲಿವರಿನಲ್ಲಿ ಇದ್ದಿರಬೇಕು. ನಾನು ತೋರಿಸಿದ ಅವಕಾಶ ಆಗಲೇ ಮುಗಿದಿತ್ತು. ನನ್ನ ಮಾತಿನಿಂದ ಅವನಿಗೆ ಸಿಕ್ಕಿದ್ದು ಆ ಸುದ್ದಿ ಮಾತ್ರ.

"ನನ್ನ ಮೇಲೆ ಅವರಿಗೆ ಕೋಪ ಇತ್ತಾ ಗೌರಮ್ಮ?" ಎಂದು ಕೇಳಿದೆ.

"ಇಲ್ಲ" ಎಂದಳು. "ನನಗಿತ್ತು. ಅವ್ರಿಗೆ ಇರ್ಲಿಲ್ಲ. ಒಂದಿನ ನಾನು ನಿಮ್ಮನ್ನ ಬೈತಾ ಇದ್ದೆ, ಆವಮ್ಮಂಗೆ ಏನ್ ಬಂದಿತ್ತು ಸುಮ್ನಿರಕ್ಕೆ ಅಂತ. ಅದಕ್ಕವ್ರು, ಬಿಡೇ ಗೌರಿ, ಪಾಪ ಡಾಕ್ಟ್ರಮ್ಮಂಗೂ ನಮ್ಮಂಗೇ ನಾನ್ ಉಳೀತೀನಿ ಅಂತ ಆಸೆ ಇತ್ತು ಅಂದ್ರು."

ನಾನು ಅದುವರೆಗೂ ಅವನಿಗೆ ಸತ್ಯ ಹೇಳಿದ್ದೇನೆ ಎಂದುಕೊಂಡಿದ್ದೆ.